ಒಂದು ಗ್ರಹವನ್ನು ಬಿಚ್ಚಿ ಹಾಕಲು ಎಷ್ಟು ಕರೆಂಟ್ ಬೇಕು? ಲಾಲ್‌ಬಾಗ್ ಬಂಡೆಯಿಂದ ಶುರು ಮಾಡಿ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಭೂಮಿಯನ್ನು ಪೂರ್ತಿ ಬಿಚ್ಚಿ ಹಾಕಲು ಸುಮಾರು 2.49 × 10³² ಜೂಲ್ ಶಕ್ತಿ ಬೇಕು. ಆದರೆ ಈ ಸಂಖ್ಯೆ ನೋಡಿ ಯಾರಿಗೂ ಏನೂ ಅನ್ನಿಸುವುದಿಲ್ಲ. 10ರ ಮೇಲೆ 32 ಇದ್ದರೇನು, 35 ಇದ್ದರೇನು, ಎರಡೂ ಒಂದೇ ಥರ ಕಾಣುತ್ತವೆ ಅಲ್ವಾ?

ಅದಕ್ಕೇ ಇಲ್ಲಿ ಬೇರೆ ದಾರಿ ಹಿಡಿಯೋಣ. ಇಡೀ ಗ್ರಹವನ್ನು ಪಕ್ಕಕ್ಕಿಡಿ. ಒಂದು ಕೆಜಿ ಕಲ್ಲಿಗೆ ಎಷ್ಟು ಯೂನಿಟ್ ಕರೆಂಟ್ ಬೇಕು ಅಂತ ಮೊದಲು ನೋಡೋಣ. ಯೂನಿಟ್ ಅಂದರೆ ತಿಂಗಳು ತಿಂಗಳು ಬೆಸ್ಕಾಂ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ. ಒಂದು ಯೂನಿಟ್ಟಿಗೆ 36 ಲಕ್ಷ ಜೂಲ್. ಇಷ್ಟು ನೆನಪಿದ್ದರೆ ಸಾಕು, ಮಿಕ್ಕಿದ್ದೆಲ್ಲ ಗುಣಾಕಾರ ಭಾಗಾಕಾರ. ಪಿಯುಸಿ ಭೌತಶಾಸ್ತ್ರ ಓದಿದವರಿಗೆ ಒಂದೆರಡು ಕಡೆ ಹಳೆಯ ಪರಿಚಯ ಸಿಗುತ್ತದೆ. ಓದದವರೂ ಧೈರ್ಯವಾಗಿ ಬನ್ನಿ.

ಬೇಕಾಗುವ ಸಾಮಾನು: ಘಾತ ಹಾಕಲು ಬರುವ ಒಂದು ಕ್ಯಾಲ್ಕುಲೇಟರ್ (ಮೊಬೈಲಿನದ್ದೇ ಆಗುತ್ತದೆ, ಅಡ್ಡ ತಿರುಗಿಸಿ ಹಿಡಿಯಿರಿ), ಒಂದು ಹಾಳೆ, ಪೆನ್ನು.

ಹೆಜ್ಜೆ 1: ಬಿಚ್ಚುವುದು ಅಂದರೆ ಏನು ಅಂತ ಮೊದಲು ತೀರ್ಮಾನ ಮಾಡಿ

ಇಲ್ಲಿ ಜಾರಿದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ. ಗ್ರಹವನ್ನು ಒಡೆಯುವುದು ಬೇರೆ, ಬಿಚ್ಚುವುದು ಬೇರೆ. ಒಡೆದರೆ ಚೂರುಗಳು ಮೇಲಕ್ಕೆ ಹಾರುತ್ತವೆ, ಸ್ವಲ್ಪ ಹೊತ್ತಿನಲ್ಲಿ ಒಂದನ್ನೊಂದು ಎಳೆದುಕೊಂಡು ಮತ್ತೆ ಬಂದು ಸೇರಿಕೊಳ್ಳುತ್ತವೆ. ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ ಕಳೆದರೆ ಮತ್ತೆ ಗುಂಡಗಿನ ಗ್ರಹವೇ ಇರುತ್ತದೆ. ಮೇಲಿದ್ದ ಊರುಗಳು ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಲೆಕ್ಕದಲ್ಲಿ ಬಿಚ್ಚುವುದು ಅಂದರೆ, ಪ್ರತಿಯೊಂದು ಕೆಜಿಯನ್ನೂ ಉಳಿದದ್ದರ ಸೆಳೆತ ಲೆಕ್ಕಕ್ಕೇ ಬಾರದಷ್ಟು ದೂರಕ್ಕೆ ಸಾಗಿಸುವುದು. ಅಲ್ಲಿಗೆ ಹೋಗಿ ಕಲ್ಲು ಸುಮ್ನೆ ನಿಂತರೂ ಸಾಕು, ವಾಪಸ್ ಬೀಳಬಾರದು. ಇದಕ್ಕೆ ಬೇಕಾಗುವ ಕನಿಷ್ಠ ಶಕ್ತಿಗೆ ಗುರುತ್ವ ಬಂಧನ ಶಕ್ತಿ ಅನ್ನುತ್ತಾರೆ.

ಹಾಗಾದರೆ ಕಲ್ಲಿನ ಗಟ್ಟಿತನ? ಬೆಂಗಳೂರಿನವರು ಈ ಪ್ರಶ್ನೆ ಕೇಳದೇ ಇರುವುದಿಲ್ಲ. ನಮ್ಮ ಕಾಲ ಕೆಳಗಿನ ಬಂಡೆ ಎಂಥದ್ದು ಅಂತ ಮೆಟ್ರೋ ಸುರಂಗದ ಕೆಲಸ ನೋಡಿದವರಿಗೆ ಗೊತ್ತು. ಗಟ್ಟಿ ಬಂಡೆ ಸಿಕ್ಕಿದ ಜಾಗದಲ್ಲಿ ಸುರಂಗ ಕೊರೆಯುವ ಯಂತ್ರ ದಿನಕ್ಕೆ ಕೆಲವೇ ಮೀಟರ್ ತೆವಳುತ್ತಿತ್ತು. ಆದರೂ ಲೆಕ್ಕ ನೋಡಿ. ಒಂದು ಟನ್ ಗ್ರಾನೈಟನ್ನು ಗಿರಣಿಗೆ ಹಾಕಿ ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಲು ಸುಮಾರು 15 ಯೂನಿಟ್ ಸಾಕು. ಅದೇ ಒಂದು ಟನ್ ಪುಡಿಯನ್ನು ಭೂಮಿಯಿಂದ ಹೊರಗೆ ಸಾಗಿಸಲು 17 ಸಾವಿರ ಯೂನಿಟ್ ದಾಟುತ್ತದೆ (ಮುಂದಿನ ಹೆಜ್ಜೆಯಲ್ಲಿ ಇದನ್ನೇ ಲೆಕ್ಕ ಹಾಕುತ್ತೇವೆ). ಅಂದರೆ ಒಡೆಯುವ ಖರ್ಚು ಸಾಗಿಸುವ ಖರ್ಚಿನ ಸಾವಿರದ ಒಂದು ಪಾಲೂ ಇಲ್ಲ. ಗ್ರಹ ಒಟ್ಟಿಗೆ ಇರುವುದು ಕಲ್ಲು ಗಟ್ಟಿ ಇರುವುದರಿಂದ ಅಲ್ಲ, ಭಾರ ಇರುವುದರಿಂದ. ಭೂಮಿ ಇಡೀ ಬರೀ ಮರಳಿನದ್ದೇ ಆಗಿದ್ದರೂ ಬಿಲ್ ಹೆಚ್ಚೂ ಕಡಿಮೆ ಇಷ್ಟೇ ಬರುತ್ತಿತ್ತು. ಹಾಗಾಗಿ ಗಟ್ಟಿತನವನ್ನು ಇಲ್ಲಿಗೆ ಮರೆತುಬಿಡಿ.

ಹೆಜ್ಜೆ 2: ಒಂದು ಕೆಜಿ ಕಲ್ಲು

ಲಾಲ್‌ಬಾಗಿನ ಬಂಡೆ ಹತ್ತಿದ್ದೀರಲ್ಲ, ಮೇಲೆ ಕೆಂಪೇಗೌಡರ ಗೋಪುರ ಇರುವುದು? ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ ಅದು. ಅದರಲ್ಲಿ ಒಂದು ಕೆಜಿ ಅಂದರೆ ಮುಷ್ಟಿಗಿಂತ ಸ್ವಲ್ಪ ದೊಡ್ಡ ಕಲ್ಲು. (ಮನಸ್ಸಿನಲ್ಲೇ ಎತ್ತಿಕೊಳ್ಳಿ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ನಿಜವಾಗಿ ಕಲ್ಲು ಎತ್ತಿಕೊಂಡು ಬರಬೇಡಿ.)

ಆ ಕಲ್ಲನ್ನು ಒಂದು ಮೀಟರ್ ಎತ್ತಲು 9.8 ಜೂಲ್ ಬೇಕು. ಇದು ಹೈಸ್ಕೂಲಿನಲ್ಲೇ ಬಂದ ಗುರುತ್ವ ವೇಗೋತ್ಕರ್ಷ. ಎರಡು ಮೀಟರಿಗೆ 19.6. ಹೀಗೇ ಎತ್ತುತ್ತಾ ಹೋದರೆ ಕೊನೆ ಎಲ್ಲಿ? ಮೇಲೆ ಹೋದ ಹಾಗೆ ಸೆಳೆತ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಸೊನ್ನೆ ಆಗುವುದೇ ಇಲ್ಲ. ಹಾಗಿದ್ದರೂ ಒಟ್ಟು ಕೆಲಸಕ್ಕೆ ಒಂದು ಮಿತಿ ಇದೆ, ಅದನ್ನು ಲೆಕ್ಕ ಹಾಕುವ ಸುಲಭದ ಉಪಾಯವೂ ಇದೆ. ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುವ ಸೆಳೆತದ ವಿರುದ್ಧ ಅನಂತ ದೂರಕ್ಕೆ ಎತ್ತುವ ಕೆಲಸವೂ, ಸೆಳೆತ ಒಂಚೂರೂ ಕಡಿಮೆಯಾಗದೆ 9.8 ಆಗಿಯೇ ಉಳಿದಿದ್ದರೆ ಗ್ರಹದ ಒಂದು ತ್ರಿಜ್ಯದಷ್ಟು ಎತ್ತರಕ್ಕೆ ಎತ್ತುವ ಕೆಲಸವೂ ಕರಾರುವಾಕ್ಕಾಗಿ ಒಂದೇ.

ಭೂಮಿಯ ತ್ರಿಜ್ಯ 6,371 ಕಿಮೀ, ಅಂದರೆ 63,71,000 ಮೀಟರ್.

9.8 × 63,71,000 = 6.24 ಕೋಟಿ ಜೂಲ್.

36 ಲಕ್ಷದಿಂದ ಭಾಗಿಸಿ. 17.3 ಯೂನಿಟ್.

ಇಷ್ಟೇ. ಯೂನಿಟ್ಟಿಗೆ 6 ರೂಪಾಯಿ ಅಂತ ಇಟ್ಟುಕೊಂಡರೆ ಒಂದು ಕೆಜಿ ಲಾಲ್‌ಬಾಗ್ ಕಲ್ಲನ್ನು ಭೂಮಿಯ ಸೆಳೆತದಿಂದ ಶಾಶ್ವತವಾಗಿ ಬಿಡಿಸಲು 104 ರೂಪಾಯಿ. ಮೊದಲ ಸಲ ಈ ಲೆಕ್ಕ ನೋಡಿದವರು ಇಷ್ಟು ಅಗ್ಗವಾ ಅಂತ ಕೇಳುತ್ತಾರೆ. ಹೌದು, ಶಕ್ತಿ ಅಗ್ಗ. ಅದನ್ನು ಕಲ್ಲಿಗೆ ತಲುಪಿಸುವುದೇ ತಲೆನೋವು. ಅದಕ್ಕೆ ಹೆಜ್ಜೆ 6ರಲ್ಲಿ ಬರುತ್ತೇನೆ.

ತಾಳೆ ನೋಡಬೇಕಾ? ಭೂಮಿಯ ವಿಮೋಚನಾ ವೇಗ, ಅಂದರೆ ಮೇಲಕ್ಕೆ ಎಸೆದ ಕಲ್ಲು ವಾಪಸ್ ಬೀಳದಿರಲು ಬೇಕಾದ ವೇಗ, ಸೆಕೆಂಡಿಗೆ 11.2 ಕಿಮೀ. ಆ ವೇಗದಲ್ಲಿ ಒಂದು ಕೆಜಿಗೆ ಇರುವ ಚಲನ ಶಕ್ತಿ ಎಷ್ಟು ಅಂತ ನೋಡಲು 11,200ರ ವರ್ಗ ಮಾಡಿ ಎರಡರಿಂದ ಭಾಗಿಸಿ. 6.27 ಕೋಟಿ ಬರುತ್ತದೆ. ಸರಿಯಾಯಿತು.

ರಿಯಾಯಿತಿ ಏನಾದರೂ ಇದೆಯಾ ಅಂತಲೂ ನೋಡಿಬಿಡೋಣ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ. ಅದರಿಂದ ಉಳಿಯುವುದು 7,000ದಲ್ಲಿ ಒಂದು ಪಾಲು. ಭೂಮಿ ತಿರುಗುವುದರಿಂದ ಬೆಂಗಳೂರು ಪೂರ್ವಕ್ಕೆ ಸೆಕೆಂಡಿಗೆ ಸುಮಾರು 453 ಮೀಟರ್ ವೇಗದಲ್ಲಿ ಓಡುತ್ತಲೇ ಇದೆ. ಸಿಲ್ಕ್ ಬೋರ್ಡಿನಲ್ಲಿ ನಿಂತವರಿಗೆ ನಂಬುವುದು ಕಷ್ಟ, ಆದರೆ ನಿಜ. ಆ ವೇಗದಿಂದ ಪುಕ್ಕಟೆ ಸಿಗುವುದು 600ರಲ್ಲಿ ಒಂದು ಪಾಲು. ಎರಡನ್ನೂ ಬಿಟ್ಟುಬಿಡಿ.

ಹೆಜ್ಜೆ 3: ಒಂದು ಕೆಜಿಯಿಂದ ಇಡೀ ಗ್ರಹಕ್ಕೆ

ಭೂಮಿಯ ದ್ರವ್ಯರಾಶಿ 5.97 × 10²⁴ ಕೆಜಿ. ಇದು ಗೊತ್ತಾಗಿದ್ದು ಹೆನ್ರಿ ಕ್ಯಾವೆಂಡಿಷ್ 1798ರಲ್ಲಿ ಸೀಸದ ಗುಂಡುಗಳ ನಡುವಿನ ಸೆಳೆತ ಅಳೆದು ಭೂಮಿಯ ಸಾಂದ್ರತೆ ಕಂಡುಹಿಡಿದ ಮೇಲೆ. ಹಾಗಾದರೆ 17.3 ಯೂನಿಟ್ಟನ್ನು ಇದರಿಂದ ಗುಣಿಸಿದರೆ ಮುಗಿಯಿತಾ?

ಇಲ್ಲ. ಮೇಲಿನ ಪದರ ತೆಗೆದ ಮೇಲೆ ಕೆಳಗೆ ಉಳಿದ ಗ್ರಹ ಚಿಕ್ಕದಾಗಿರುತ್ತದೆ, ಸೆಳೆತವೂ ಕಡಿಮೆ. ಮುಂದಿನ ಕಲ್ಲಿಗೆ ಖರ್ಚು ಕಡಿಮೆ. ನೀರು ಸೇದಿದ ಹಾಗೆಲ್ಲ ಬಾವಿಯ ಆಳವೇ ಕಡಿಮೆಯಾಗುತ್ತಾ ಬಂದ ಹಾಗೆ. ಕೊನೆಯ ಕೊಡಕ್ಕೆ ಹಗ್ಗವೇ ಬೇಡ.

ಎಷ್ಟು ಕಡಿಮೆ? ಒಳಗೆ ಹೊರಗೆ ಎಲ್ಲ ಕಡೆ ಸಾಂದ್ರತೆ ಒಂದೇ ಅಂದುಕೊಂಡರೆ ಕೆಜಿ ಖರ್ಚು ಉಳಿದ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ತ್ರಿಜ್ಯ ಅರ್ಧ ಆದಾಗ ಖರ್ಚು ಕಾಲು ಭಾಗ. ಈಗ ಹಾಳೆ ತೆಗೆದುಕೊಂಡು ಭೂಮಿಯನ್ನು 10 ಪದರ ಮಾಡಿ, ಒಂದೊಂದೂ ತ್ರಿಜ್ಯದ ಹತ್ತನೇ ಒಂದು ಪಾಲು ದಪ್ಪ. ಎಕ್ಸೆಲ್ ಗೊತ್ತಿದ್ದರೆ ಇನ್ನೂ ಸುಲಭ.

ಎಲ್ಲಕ್ಕಿಂತ ಹೊರಗಿನ ಪದರ ನೋಡಿ. ಅದರ ಒಳಗಿನ ಗೋಳದ ತ್ರಿಜ್ಯ 0.9. 0.9ರ ಘನ 0.729. ಅಂದರೆ ಈ ಒಂದೇ ಪದರದಲ್ಲಿ ಗ್ರಹದ 27.1% ದ್ರವ್ಯ ಇದೆ. ಪದರದ ನಡು 0.95ರಲ್ಲಿ, ಅದರ ವರ್ಗ 0.9025. ಎರಡನ್ನೂ ಗುಣಿಸಿ: 0.271 × 0.9025 = 0.245.

ಎರಡನೇ ಪದರ: 0.217 × 0.7225 = 0.157.

ಮೂರನೆಯದು: 0.169 × 0.5625 = 0.095.

ಉಳಿದ ಏಳನ್ನು ನೀವೇ ಮಾಡಿ. ಹತ್ತೂ ಕೂಡಿಸಿದರೆ 0.596 ಬರಬೇಕು. ಪದರಗಳನ್ನು 100 ಮಾಡಿದರೆ, 1,000 ಮಾಡಿದರೆ ಅದು 0.6ಕ್ಕೆ ಬಂದು ನಿಲ್ಲುತ್ತದೆ. ಪುಸ್ತಕದ ಸೂತ್ರದಲ್ಲಿ ಬರುವ ಆ ಐದರಲ್ಲಿ ಮೂರು ಎಲ್ಲಿಂದ ಬಂತು ಅಂತ ತಲೆ ಕೆರೆದುಕೊಂಡವರಿಗೆ ಇದೇ ಉತ್ತರ.

ಈ ಹತ್ತು ಸಾಲನ್ನು ಕೈಯಾರೆ ಮಾಡಿ ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣ ಇದೆ. ಸೂತ್ರದಲ್ಲಿ ಕಾಣದ ಒಂದು ವಿಷಯ ಇಲ್ಲಿ ಕಾಣುತ್ತದೆ. ಹೊರಗಿನ ಎರಡೇ ಪದರ ಒಟ್ಟು ಬಿಲ್ಲಿನ ಮೂರರಲ್ಲಿ ಎರಡು ಪಾಲು ನುಂಗಿಹಾಕುತ್ತವೆ. ಒಳಗಿನ ಐದು ಪದರ ಸೇರಿದರೂ ಸುಮಾರು 3% ಅಷ್ಟೇ. ಗ್ರಹ ಬಿಚ್ಚುವವನ ಕಷ್ಟವೆಲ್ಲ ಶುರುವಿನಲ್ಲೇ.

ಈಗ ಸೂತ್ರ:

ಒಟ್ಟು ಶಕ್ತಿ = 0.6 × ದ್ರವ್ಯರಾಶಿ × ಮೇಲ್ಮೈಯ ಗುರುತ್ವ ವೇಗೋತ್ಕರ್ಷ × ತ್ರಿಜ್ಯ

ಭೂಮಿಗೆ: 0.6 × 5.97 × 10²⁴ × 6.24 × 10⁷ = 2.24 × 10³² ಜೂಲ್.

ಹೆಜ್ಜೆ 4: ಭೂಮಿಯ ಒಳಗೆ ಕಬ್ಬಿಣ ಇದೆ, ಅದನ್ನು ಸೇರಿಸಿ

2.24 ಬಂತು, ಮೊದಲು ಹೇಳಿದ್ದು 2.49. ಹತ್ತು ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ. ಎಲ್ಲಿ ಹೋಯಿತು?

ಭೂಮಿ ಎಲ್ಲ ಕಡೆ ಒಂದೇ ಥರ ಇಲ್ಲ. ಭಾರದ ಕಬ್ಬಿಣ, ನಿಕಲ್ ಎಲ್ಲ ನಡುವಿಗೆ ಇಳಿದಿದೆ. ಕೇಂದ್ರಗೋಳದ ತ್ರಿಜ್ಯ 3,480 ಕಿಮೀ, ದ್ರವ್ಯರಾಶಿ 1.94 × 10²⁴ ಕೆಜಿ. ಗಾತ್ರದಲ್ಲಿ ಭೂಮಿಯ ಆರನೇ ಒಂದು ಪಾಲು, ತೂಕದಲ್ಲಿ ಮೂರನೇ ಒಂದು ಪಾಲು. ಅದರ ಸರಾಸರಿ ಸಾಂದ್ರತೆ ನೀರಿನ 11 ಪಟ್ಟು, ಅದರ ಮೇಲಿನ ಮ್ಯಾಂಟಲ್ (ಕಲ್ಲಿನ ದಪ್ಪ ಪದರ) ಮತ್ತು ಭೂಕವಚ (ತೀರಾ ಮೇಲಿನ ತೆಳು ಪದರ) ಸೇರಿ ಸುಮಾರು ನಾಲ್ಕೂವರೆ ಪಟ್ಟು. ನಮ್ಮ ಲಾಲ್‌ಬಾಗ್ ಕಲ್ಲು ಬರೀ 2.7 ಪಟ್ಟು.

ಭಾರ ನಡುವಿನಲ್ಲಿ ಕೂತಿದ್ದರೆ ಎರಡು ಕಡೆ ತೊಂದರೆ. ಮ್ಯಾಂಟಲ್ ತೆಗೆಯುತ್ತಾ ಹೋದರೂ ಒಳಗಿನ ಕಬ್ಬಿಣ ಎಳೆಯುತ್ತಲೇ ಇರುತ್ತದೆ, ಹಾಗಾಗಿ ಕೆಜಿ ಖರ್ಚು ನಾವು ಅಂದುಕೊಂಡಷ್ಟು ಬೇಗ ಇಳಿಯುವುದಿಲ್ಲ. ಕೊನೆಗೆ ಉಳಿಯುವ ಕೇಂದ್ರಗೋಳವೂ ಅಗ್ಗವಲ್ಲ.

ಹೆಜ್ಜೆ 3ರ ಹಾಳೆಯನ್ನೇ ಮತ್ತೆ ತೆಗೆಯಿರಿ. ಈ ಸಲ ಪ್ರತಿ ಪದರಕ್ಕೂ ಮೂರು ಕಂಬಸಾಲು ಹಾಕಿ: ಪದರದ ದ್ರವ್ಯರಾಶಿ, ಅದರ ಕೆಳಗೆ ಉಳಿದ ದ್ರವ್ಯರಾಶಿ, ಕೇಂದ್ರದಿಂದ ಅದರ ದೂರ. ಮೊದಲ ಎರಡನ್ನು ಗುಣಿಸಿ, ಮೂರನೆಯದರಿಂದ ಭಾಗಿಸಿ, ಗುರುತ್ವ ಸ್ಥಿರಾಂಕ 6.674 × 10⁻¹¹ರಿಂದ ಗುಣಿಸಿ. 3,480 ಕಿಮೀಗಿಂತ ಹೊರಗೆ ಒಂದು ಸಾಂದ್ರತೆ, ಒಳಗೆ ಇನ್ನೊಂದು. ಪದರಗಳನ್ನು ತೆಳ್ಳಗೆ ಮಾಡಿದರೆ ಮ್ಯಾಂಟಲ್ ಮತ್ತು ಭೂಕವಚಕ್ಕೆ 2.00 × 10³², ಕೇಂದ್ರಗೋಳಕ್ಕೆ 0.43 × 10³² ಬರುತ್ತದೆ. ಒಟ್ಟು 2.43 × 10³².

ನೋಡಿ, ಬರೀ ಎರಡು ಸಾಂದ್ರತೆ ಹಾಕಿದ್ದಕ್ಕೇ 2.49ರ ಹತ್ತಿರ ಬಂದುಬಿಟ್ಟೆವು. ಉಳಿದ ಸ್ವಲ್ಪ ವ್ಯತ್ಯಾಸ ಮ್ಯಾಂಟಲ್ಲಿನ ಒಳಗೂ, ಕೇಂದ್ರಗೋಳದ ಒಳಗೂ ಆಳಕ್ಕೆ ಹೋದಂತೆ ಸಾಂದ್ರತೆ ಏರುವುದರಿಂದ. ಭೂಕಂಪದ ಅಲೆಗಳಿಂದ ಕಂಡುಕೊಂಡ ಪೂರ್ತಿ ಸಾಂದ್ರತೆಯ ಪಟ್ಟಿ ಹಾಕಿದರೆ 2.49 ಸಿಗುತ್ತದೆ.

ಕೇಂದ್ರಗೋಳ ಮಾತ್ರ ಉಳಿದಾಗ ಅದರ ಮೇಲಿನ ಒಂದು ಕೆಜಿ ಕಬ್ಬಿಣ ಕೀಳಲು 10.3 ಯೂನಿಟ್ ಬೇಕು. ಭೂಮಿ ಒಂದೇ ಸಾಂದ್ರತೆಯದ್ದಾಗಿದ್ದರೆ ಅದೇ ಆಳದಲ್ಲಿ 5 ಯೂನಿಟ್ ಚಿಲ್ಲರೆ ಸಾಕಿತ್ತು. ಹಾಗೆ ನೋಡಿದರೆ ಇಡೀ ಭೂಮಿಯ ಸರಾಸರಿ ಕೆಜಿಗೆ 11.6 ಯೂನಿಟ್, ಅದೇ 6 ರೂಪಾಯಿ ದರದಲ್ಲಿ 70 ರೂಪಾಯಿ. ಕೆಜಿಗೆ 41.7 ಮೆಗಾಜೂಲ್. ಒಂದು ಕೆಜಿ ಪೆಟ್ರೋಲ್ ಉರಿದರೆ ಬರುವ ಶಾಖವೂ ಹೆಚ್ಚೂ ಕಡಿಮೆ ಅಷ್ಟೇ. ಭೂಮಿಯಷ್ಟೇ ತೂಕದ ಪೆಟ್ರೋಲ್, ಅದನ್ನು ಉರಿಸಲು ಮೂರು ಪಟ್ಟಿಗೂ ಹೆಚ್ಚು ತೂಕದ ಆಮ್ಲಜನಕ ಬೇರೆ. ಎಲ್ಲಿಂದ ತರುತ್ತೀರಿ?

ಹೆಜ್ಜೆ 5: ಅಷ್ಟು ಶಕ್ತಿ ಎಲ್ಲಿದೆ ಅಂತ ಹುಡುಕಿ

ಮನುಷ್ಯರದ್ದು ಮೊದಲು. ಪ್ರಪಂಚದವರೆಲ್ಲ ಸೇರಿ ಒಂದು ವರ್ಷಕ್ಕೆ ಬಳಸುವುದು ಸುಮಾರು 6 × 10²⁰ ಜೂಲ್. ಪೆಟ್ರೋಲು, ಕಲ್ಲಿದ್ದಲು, ಕರೆಂಟು ಎಲ್ಲ ಸೇರಿ. ಭಾಗಿಸಿ ನೋಡಿದರೆ 40 ಸಾವಿರ ಕೋಟಿ ವರ್ಷ ದಾಟುತ್ತದೆ. ಬ್ರಹ್ಮಾಂಡಕ್ಕೇ ಈಗ 1,380 ಕೋಟಿ ವರ್ಷ. ಸರಿ, ಆ ದಾರಿ ಮುಚ್ಚಿತು.

ಬಾಂಬ್? 1961ರಲ್ಲಿ ಸೋವಿಯತ್ ಒಕ್ಕೂಟ ಸಿಡಿಸಿದ ತ್ಸಾರ್ ಬಾಂಬಾ 50 ಮೆಗಾಟನ್, 2.1 × 10¹⁷ ಜೂಲ್. ಇವತ್ತಿನವರೆಗೆ ಅದಕ್ಕಿಂತ ದೊಡ್ಡದನ್ನು ಯಾರೂ ಸಿಡಿಸಿಲ್ಲ. ಭೂಮಿಗೆ ಅಂಥವು 12 ಕೋಟಿ ಕೋಟಿ ಬೇಕು. ಕೋಟಿ ಅಂತ ಎರಡು ಸಲ ಬರೆದಿರುವುದು ಬೇಕೆಂತಲೇ.

ಆಕಾಶದಿಂದ ಏನಾದರೂ ಬಂದು ಬಿದ್ದರೆ? 10 ಕಿಮೀ ಅಗಲದ ಬಂಡೆ ಸೆಕೆಂಡಿಗೆ 20 ಕಿಮೀ ವೇಗದಲ್ಲಿ ಬಂದು ಬಡಿದರೆ ಸುಮಾರು 3 × 10²³ ಜೂಲ್. ಡೈನೋಸಾರ್‌ಗಳನ್ನು ಅಳಿಸಿದ ಹೊಡೆತ ಹೆಚ್ಚೂ ಕಡಿಮೆ ಈ ಅಳತೆಯದ್ದು. ಬೇಕಾದದ್ದರಲ್ಲಿ ಅದು 80 ಕೋಟಿಯಲ್ಲಿ ಒಂದು ಪಾಲು. ಇನ್ನೂ ದೊಡ್ಡದೂ ಬಿದ್ದಿದೆ ಅನ್ನುತ್ತಾರೆ. ಚಂದ್ರ ಹುಟ್ಟಿದ್ದು ಮಂಗಳದಷ್ಟು ದೊಡ್ಡ ಕಾಯವೊಂದು ಎಳೆಯ ಭೂಮಿಗೆ ಢಿಕ್ಕಿ ಹೊಡೆದು ಅನ್ನುವುದು ಈಗ ಹೆಚ್ಚಿನ ವಿಜ್ಞಾನಿಗಳು ಒಪ್ಪುವ ಮಾತು. ಆ ಢಿಕ್ಕಿಯ ಶಕ್ತಿಯೂ ಬಂಧನ ಶಕ್ತಿಯ ಹತ್ತನೇ ಒಂದು ಪಾಲಿನಷ್ಟೇ. ಭೂಮಿ ಕರಗಿತು, ಒಂದು ಚಂದ್ರನನ್ನು ಕೊಟ್ಟಿತು, ಮತ್ತೆ ಗುಂಡಗಾಯಿತು.

ಉಳಿದದ್ದು ಸೂರ್ಯ. ಅದು ಸೆಕೆಂಡಿಗೆ 3.83 × 10²⁶ ಜೂಲ್ ಸುರಿಯುತ್ತದೆ. ಒಂಚೂರೂ ಬಿಡದೆ ಹಿಡಿದರೆ ಏಳೂವರೆ ದಿನದಲ್ಲಿ ಭೂಮಿಯನ್ನು ಬಿಚ್ಚುವಷ್ಟು ಶಕ್ತಿ ಸೇರುತ್ತದೆ. ಆದರೆ ಭೂಮಿಗೆ ಬೀಳುವ ಬಿಸಿಲನ್ನು ಮಾತ್ರ ಹಿಡಿಯುತ್ತೇವೆ ಅಂದರೆ 4.5 ಕೋಟಿ ವರ್ಷ ಕಾಯಬೇಕು. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ, ಸೂರ್ಯನ ಸುತ್ತ ಬಿಸಿಲು ಹಿಡಿಯುವ ಫಲಕಗಳನ್ನು ತುಂಬಿಸುವ ಯೋಚನೆ ಯಾಕೆ ಹುಟ್ಟಿತು ಅಂತ ಹೇಳುತ್ತದೆ. ಭೌತವಿಜ್ಞಾನಿ ಫ್ರೀಮನ್ ಡೈಸನ್ 1960ರಲ್ಲಿ ಈ ಬಗ್ಗೆ ಬರೆದಾಗ, ಗುರುಗ್ರಹದಷ್ಟು ದೊಡ್ಡದನ್ನು ಬಿಚ್ಚಿ ಮರುಜೋಡಿಸಲು ಸೂರ್ಯನ 800 ವರ್ಷದ ಶಕ್ತಿ ಬೇಕು ಅಂತ ಅಂದಾಜು ಮಾಡಿದ್ದರು. ನಮ್ಮ ಸರಳ ಸೂತ್ರ ಗುರುವಿಗೆ 2 × 10³⁶ ಜೂಲ್ ಕೊಡುತ್ತದೆ, ಅಂದರೆ ಸೂರ್ಯನ ಸುಮಾರು 170 ವರ್ಷ. ಡೈಸನ್ ಇಟ್ಟುಕೊಂಡಿದ್ದು ಧಾರಾಳವಾದ ಅಂದಾಜು, ಅದರಲ್ಲಿ ಮರುಜೋಡಣೆಯೂ ಸೇರಿದೆ.

ಹೆಜ್ಜೆ 6: ಶಕ್ತಿಯನ್ನು ಕಲ್ಲಿಗೆ ತಲುಪಿಸಿ

ಇಲ್ಲಿಂದ ಗಣಿತ ಕಡಿಮೆ, ಎಂಜಿನಿಯರಿಂಗ್ ಜಾಸ್ತಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗವೂ ಇದೇ.

ರಾಕೆಟ್ ಬಳಸೋಣ ಅಂತ ಎಲ್ಲರಿಗೂ ಮೊದಲು ಅನ್ನಿಸುತ್ತದೆ, ಅದರಲ್ಲೂ ಇಸ್ರೋ ಇರುವ ಊರಿನಲ್ಲಿ. 2023ರಲ್ಲಿ ಚಂದ್ರಯಾನ-3 ಹೊತ್ತು ಹೋದ ಎಲ್‌ವಿಎಂ-3 ರಾಕೆಟ್ಟಿನ ತೂಕ ಸುಮಾರು 640 ಟನ್. ಅದು ಕಕ್ಷೆಗೆ ಬಿಟ್ಟ ನೌಕೆ 3.9 ಟನ್. ಪ್ರತಿ ಕೆಜಿಗೆ ನೆಲದಿಂದ 160 ಕೆಜಿಗೂ ಜಾಸ್ತಿ ಎದ್ದಿದೆ. ಅದೂ ಭೂಮಿಯ ಸೆಳೆತದಿಂದ ಪೂರ್ತಿ ಬಿಡಿಸಿಕೊಂಡಿರಲಿಲ್ಲ, ಉದ್ದನೆಯ ಕಕ್ಷೆಗೆ ಸೇರಿತ್ತು ಅಷ್ಟೇ. ಚಂದ್ರನಿಗೆ ಹೋಗಲು ರಾಕೆಟ್ ಒಳ್ಳೆಯದು. ಗ್ರಹ ಖಾಲಿ ಮಾಡಲು ಆಗುವುದಿಲ್ಲ. ಹೊರಗೆ ಹೋಗುವುದಕ್ಕಿಂತ ಹೊಗೆಯಾಗಿ ವಾಪಸ್ ಬೀಳುವುದೇ ಜಾಸ್ತಿ.

ಎರಡನೆಯದು, ಉದ್ದನೆಯ ಹಳಿಯ ಮೇಲೆ ವಿದ್ಯುತ್ಕಾಂತಗಳಿಂದ ಕಲ್ಲನ್ನು ತಳ್ಳಿ ವಿಮೋಚನಾ ವೇಗಕ್ಕೆ ಏರಿಸುವುದು. ಗಾಳಿ ಇರುವ ತನಕ ಕಷ್ಟ, ಸೆಕೆಂಡಿಗೆ 11 ಕಿಮೀ ವೇಗದಲ್ಲಿ ನೆಲಮಟ್ಟದ ಗಾಳಿಗೆ ಸಿಕ್ಕಿದ ಕಲ್ಲು ಉರಿದು ಹೋಗುತ್ತದೆ. ಹಾಗಾಗಿ ವಾತಾವರಣವನ್ನು ಮೊದಲು ತೆಗೆಯಬೇಕು. ಗಾಳಿಯಿಲ್ಲದ ಚಂದ್ರ, ಬುಧಗಳಿಗೆ ಇದು ಹೇಳಿ ಮಾಡಿಸಿದ ಉಪಾಯ.

ಮೂರನೆಯದು, ಗ್ರಹವನ್ನೇ ಜೋರಾಗಿ ತಿರುಗಿಸುವುದು. ಈಗ ಸಮಭಾಜಕದ ಮೇಲೆ ವೇಗ ಸೆಕೆಂಡಿಗೆ 0.465 ಕಿಮೀ. ಅದನ್ನು 17 ಪಟ್ಟು ಹೆಚ್ಚಿಸಿ 7.9 ಕಿಮೀ ಮಾಡಿದರೆ ದಿನ 84 ನಿಮಿಷಕ್ಕೆ ಇಳಿಯುತ್ತದೆ, ಸಮಭಾಜಕದ ಕಲ್ಲುಗಳಿಗೆ ತೂಕವೇ ಇರುವುದಿಲ್ಲ. ನಿಜದಲ್ಲಿ ಅದಕ್ಕೂ ಮೊದಲೇ ಭೂಮಿ ನಡುವಿನಲ್ಲಿ ಉಬ್ಬಿ, ಅಂಚಿನಿಂದ ಸೋರಲು ಶುರುವಾಗುತ್ತದೆ. ಉಪಾಯ ಚೆನ್ನಾಗಿದೆ, ಆದರೆ ಇದರಲ್ಲಿ ಉಳಿತಾಯ ಇದೆ ಅಂತ ತಿಳಿಯಬೇಡಿ. ಭೂಮಿಯ ಈಗಿನ ತಿರುಗಾಟದಲ್ಲಿರುವ ಶಕ್ತಿ 2.1 × 10²⁹ ಜೂಲ್, ಬೇಕಾದದ್ದರ ಸಾವಿರದ ಒಂದು ಪಾಲೂ ಇಲ್ಲ. ಉಳಿದದ್ದನ್ನು ಹೊರಗಿನಿಂದಲೇ ತರಬೇಕು.

ಇನ್ನೊಂದು ದಾರಿ ಪ್ರಕೃತಿಯೇ ಬಳಸುತ್ತದೆ. ದೊಡ್ಡ ಗ್ರಹದ ತೀರಾ ಹತ್ತಿರ ಹೋದರೆ ಅದರ ಸೆಳೆತ ಈ ಬದಿಯನ್ನು ಜಾಸ್ತಿ, ಆ ಬದಿಯನ್ನು ಕಡಿಮೆ ಎಳೆದು ಚಿಕ್ಕ ಕಾಯವನ್ನು ಹರಿದು ಹಾಕುತ್ತದೆ. ಶೂಮೇಕರ್-ಲೆವಿ 9 ಧೂಮಕೇತು 1992ರಲ್ಲಿ ಗುರುವಿನ ಪಕ್ಕ ಹಾದು ಹೀಗೇ ಚೂರಾಯಿತು, 1994ರ ಜುಲೈನಲ್ಲಿ ಆ ಚೂರುಗಳು ಒಂದರ ಹಿಂದೆ ಒಂದು ಹೋಗಿ ಗುರುವಿಗೇ ಬಿದ್ದವು.

ಹೆಜ್ಜೆ 7: ಬಿಸಿಯ ಲೆಕ್ಕ ಮರೆಯಬೇಡಿ

ಈ ವಿಷಯ ಮಾತಾಡುವವರಲ್ಲಿ ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು, ನನ್ನ ಪ್ರಕಾರ ಮುಖ್ಯವಾದದ್ದೂ ಇದೇ. ಯಾವ ಯಂತ್ರವೂ ನೂರಕ್ಕೆ ನೂರು ಕೆಲಸ ಮಾಡುವುದಿಲ್ಲ. ನಿಮ್ಮ ಯಂತ್ರ ತುಂಬ ಒಳ್ಳೆಯದು, 1% ಮಾತ್ರ ಶಾಖವಾಗಿ ಸೋರುತ್ತದೆ ಅಂದುಕೊಳ್ಳಿ. ಆ 1% ಅಂದರೆ 2.49 × 10³⁰ ಜೂಲ್. ಅದು ನೆಲದಿಂದ ಬಾಹ್ಯಾಕಾಶಕ್ಕೆ ಹೊರಗೆ ಹೋಗಬೇಕು.

ನೆಲ 727 ಡಿಗ್ರಿ ಸೆಲ್ಸಿಯಸ್ ತನಕ ಕಾದರೂ ಪರವಾಗಿಲ್ಲ ಅನ್ನೋಣ, ಅಂದರೆ 1,000 ಕೆಲ್ವಿನ್. ಕಲ್ಲು ಕೆಂಪಗೆ ಹೊಳೆಯುತ್ತಿರುತ್ತದೆ. ಆ ಬಿಸಿಯಲ್ಲಿ ಒಂದು ಚದರ ಮೀಟರ್ ನೆಲ ಹೊರಹಾಕುವುದು 56,700 ವಾಟ್. ಭೂಮಿಯ ಮೇಲ್ಮೈ 5.1 × 10¹⁴ ಚದರ ಮೀಟರ್. ಗುಣಿಸಿದರೆ 2.9 × 10¹⁹ ವಾಟ್. ಈಗ ಭಾಗಿಸಿ: 8.6 × 10¹⁰ ಸೆಕೆಂಡ್, ಅಂದರೆ 2,700 ವರ್ಷ.

ಸೂರ್ಯನ ಅಷ್ಟೂ ಶಕ್ತಿ ನಿಮ್ಮ ಕೈಯಲ್ಲಿದ್ದರೂ, ಏಳೂವರೆ ದಿನದಲ್ಲಿ ಕೆಲಸ ಮುಗಿಯುವುದಿಲ್ಲ. ಅವಸರ ಮಾಡಿದರೆ ಮೊದಲು ಕರಗುವುದು ನಿಮ್ಮ ಯಂತ್ರ. ಅದೂ ಗ್ರಹ ಚಿಕ್ಕದಾದಂತೆ ಶಾಖ ಬಿಡಲು ಜಾಗವೂ ಕಡಿಮೆಯಾಗುತ್ತದೆ ಅನ್ನುವುದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಮೇಲಿನ ಭಾರ ಇಳಿದ ಹಾಗೆ ಒಳಗಿನ ಸಾವಿರಾರು ಡಿಗ್ರಿ ಬಿಸಿಯ ಕಲ್ಲು, ಕಬ್ಬಿಣ ಕರಗಿ ಕುದಿಯಲು ಶುರುವಾಗುತ್ತದೆ, ಅದೂ ಈ ಲೆಕ್ಕದಲ್ಲಿ ಇಲ್ಲ. ಆ ಬಿಸಿಯೂ ಬಹುಪಾಲು ಇದೇ ಶಕ್ತಿಯ ಪಳೆಯುಳಿಕೆ. 454 ಕೋಟಿ ವರ್ಷದ ಹಿಂದೆ ಚೂರುಗಳು ಒಂದರ ಮೇಲೊಂದು ಬಿದ್ದು ಭೂಮಿ ಆದಾಗ ಇಷ್ಟೇ ಶಕ್ತಿ ಶಾಖವಾಗಿ ಹೊರಬಂದಿತ್ತು. ನಾವು ಆ ಕೆಲಸವನ್ನು ಉಲ್ಟಾ ಮಾಡಲು ಹೊರಟಿದ್ದೇವೆ.

ಬಿಚ್ಚಿದ ಚೂರುಗಳು ಎಲ್ಲಿಗೆ ಹೋಗುತ್ತವೆ? ದೂರ ಎಲ್ಲೂ ಇಲ್ಲ. ಭೂಮಿಯಿಂದ ಬಿಡಿಸಿಕೊಂಡರೂ ಸೂರ್ಯನ ಸೆಳೆತದಲ್ಲೇ ಇರುತ್ತವೆ, ಸುಮಾರು ಇದೇ ದಾರಿಯಲ್ಲಿ ಸೂರ್ಯನನ್ನು ಸುತ್ತುತ್ತವೆ.

ಹೆಜ್ಜೆ 8: ಬೇರೆ ಗ್ರಹಗಳ ಮೇಲೆ ಕೈ ಪಳಗಿಸಿಕೊಳ್ಳಿ

ಚಂದ್ರ: ವೇಗೋತ್ಕರ್ಷ 1.62, ತ್ರಿಜ್ಯ 1,737 ಕಿಮೀ. ಕೆಜಿಗೆ 0.78 ಯೂನಿಟ್, 5 ರೂಪಾಯಿಯೂ ಇಲ್ಲ. ಒಟ್ಟು 1.24 × 10²⁹ ಜೂಲ್, ಸೂರ್ಯನ ಐದೂವರೆ ನಿಮಿಷ. ಮಜಾ ಏನೆಂದರೆ, ಭೂಮಿಯ ಮೇಲಿನ ಒಂದೇ ಒಂದು ಕಿಲೋಮೀಟರ್ ದಪ್ಪದ ಪದರ ತೆಗೆಯಲು 8.6 × 10²⁸ ಜೂಲ್ ಬೇಕು. ಅಂದರೆ ಇಡೀ ಚಂದ್ರನ ಖರ್ಚಿನ ಮೂರರಲ್ಲಿ ಎರಡು ಪಾಲು. ಕೋಲಾರದ ಚಿನ್ನದ ಗಣಿ 3 ಕಿಮೀಗೂ ಆಳ ಇಳಿದಿತ್ತು. ಭೂಮಿಯಿಂದ ಅಷ್ಟು ದಪ್ಪ ಸಿಪ್ಪೆ ತೆಗೆಯುವ ಹಣದಲ್ಲಿ ಎರಡು ಚಂದ್ರರು ಬರುತ್ತಾರೆ.

ಮಂಗಳ: ಕೆಜಿಗೆ 3.5 ಯೂನಿಟ್, ಒಟ್ಟು 4.9 × 10³⁰. ಸೂರ್ಯನ ಮೂರೂವರೆ ಗಂಟೆ.

ಗುರು: ಕೆಜಿಗೆ ಸುಮಾರು 500 ಯೂನಿಟ್. ಆ ಆಸೆ ಬಿಡಿ.

ಬುಧ ನಿಮಗೆ ಬಿಟ್ಟದ್ದು. ವೇಗೋತ್ಕರ್ಷ 3.7, ತ್ರಿಜ್ಯ 2,440 ಕಿಮೀ, ದ್ರವ್ಯರಾಶಿ 3.3 × 10²³ ಕೆಜಿ. ಕೆಜಿಗೆ 2.5 ಯೂನಿಟ್, ಒಟ್ಟು 1.79 × 10³⁰ ಜೂಲ್ ಬಂದರೆ ಸರಿ. ಉತ್ತರ ಸಾವಿರ ಪಟ್ಟು ಕಡಿಮೆ ಬಂದರೆ ಕಿಲೋಮೀಟರನ್ನು ಮೀಟರ್ ಮಾಡಿಲ್ಲ ಅಂತ ಅರ್ಥ. ಬುಧಕ್ಕೆ ಬೀಳುವ ಬಿಸಿಲನ್ನಷ್ಟೇ ಹಿಡಿದರೂ 3.3 ಲಕ್ಷ ವರ್ಷದಲ್ಲಿ ಅದನ್ನು ಬಿಚ್ಚಬಹುದು, ಭೂಮಿಯ 4.5 ಕೋಟಿಗೆ ಹೋಲಿಸಿದರೆ ಏನೂ ಅಲ್ಲ. ಗ್ರಹ ಬಿಚ್ಚುವ ಮಾತು ಬಂದಾಗಲೆಲ್ಲ ಬುಧದ ಹೆಸರೇ ಮೊದಲು ಬರುವುದು ಇದಕ್ಕೇ. ಹೆಜ್ಜೆ 4ರ ಎರಡು ಸಾಂದ್ರತೆಯ ಲೆಕ್ಕವನ್ನೂ ಅದರ ಮೇಲೆ ಮಾಡಿ ನೋಡಿ. ಬುಧದ ಕಬ್ಬಿಣದ ಗೋಳ ತ್ರಿಜ್ಯದ ಐದರಲ್ಲಿ ನಾಲ್ಕು ಪಾಲಿಗೂ ಜಾಸ್ತಿ ಜಾಗ ಹಿಡಿದಿದೆ, ಸುತ್ತಲಿನ ಕಲ್ಲು ತೆಳ್ಳಗಿನ ಹೊದಿಕೆ ಅಷ್ಟೇ. ಹಾಗಾಗಿ ಅಲ್ಲಿ ಸರಳ ಸೂತ್ರಕ್ಕೂ ಪದರದ ಲೆಕ್ಕಕ್ಕೂ ಭೂಮಿಯಷ್ಟು ವ್ಯತ್ಯಾಸ ಬರುವುದಿಲ್ಲ.